ತಂಡ ಯಾರದು, ಗಂಟು ಯಾರ ಕೈಲಿ?

ಮಂಡ್ಯದ ಮೈಷುಗರ್ ಕಾರ್ಖಾನೆ ಯಾರದು? ಕಾಗದ ನೋಡಿ ಹೇಳುವುದಾದರೆ ಉತ್ತರ ಸುಲಭ. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯಲ್ಲಿ ಹೆಚ್ಚಿನ ಷೇರು ಸರ್ಕಾರದ್ದು. ಸಣ್ಣ ಪ್ರಮಾಣದ ಷೇರು ಹಿಡಿದ ರೈತರು ಸಾವಿರಾರು ಮಂದಿ. ಆದರೆ ಕಾರ್ಖಾನೆಯನ್ನು ಖಾಸಗಿಯವರಿಗೆ ವಹಿಸುವ ಮಾತು ಎದ್ದಾಗ, 2021ರಲ್ಲಿ ಮಂಡ್ಯದಲ್ಲಿ ಧರಣಿ ಕುಳಿತವರು ಷೇರಿನ ಲೆಕ್ಕ ಹಾಕಿಕೊಂಡು ಬಂದವರಲ್ಲ. ಅವರ ಅಪ್ಪ, ಅಜ್ಜ ಕಬ್ಬಿನ ಗಾಡಿ ಹೊಡೆದುಕೊಂಡು ಹೋದ ಕಾರ್ಖಾನೆ ಅದು. ಅಷ್ಟು ಸಾಕಾಗಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ಕಾರ ಖಾಸಗೀಕರಣದ ಚಿಂತನೆಯನ್ನು ಕೈಬಿಟ್ಟಿತು. 2022ರಲ್ಲಿ ಕಾರ್ಖಾನೆ ಮತ್ತೆ ಕಬ್ಬು ಅರೆಯಿತು.

ಕಾಗದದ ಮೇಲಿನ ಒಡೆಯ ಒಬ್ಬ, ಮನಸ್ಸಿನಲ್ಲಿ ಒಡೆಯರಾದವರು ಬೇರೆ. ಈ ಜಗಳ ಸಕ್ಕರೆ ಕಾರ್ಖಾನೆಗೆ ಮಾತ್ರ ಸೀಮಿತವಲ್ಲ. ಇದನ್ನೇ ಅತ್ಯಂತ ದೀರ್ಘವಾಗಿ, ಅತ್ಯಂತ ಲೆಕ್ಕಾಚಾರವಾಗಿ ನಡೆಸಿದವರು ಇಂಗ್ಲೆಂಡಿನ ಫುಟ್‌ಬಾಲ್ ಅಭಿಮಾನಿಗಳು. ಮೂರು ದಶಕಗಳಿಗೂ ಹೆಚ್ಚು ಕಾಲ ಅವರು ತಮ್ಮ ತಂಡಗಳ ಮಾಲೀಕರ ವಿರುದ್ಧ ಘೋಷಣೆ ಕೂಗಿದ್ದಾರೆ, ಮೆರವಣಿಗೆ ಮಾಡಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಚಂದಾ ಎತ್ತಿದ್ದಾರೆ. ಎತ್ತಿದ ಹಣವನ್ನು ಯಾರ ಕೈಲಿ ಇಡಬೇಕು, ಯಾವಾಗ ಕೊಡಬೇಕು, ಕೆಲಸ ಆಗದಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಿದ್ದಾರೆ. ಗೆದ್ದವರು ಯಾರು, ಸೋತವರು ಯಾರು ಎಂದು ನೋಡಿದರೆ ವ್ಯತ್ಯಾಸ ಬಹುತೇಕ ಈ ಉತ್ತರಗಳಲ್ಲೇ ಇದೆ.

ಆಟದ ಮನೆ ಅಂಗಡಿಯಾದ ಬಗೆ

ಇಂಗ್ಲೆಂಡಿನ ಹಳೆಯ ಫುಟ್‌ಬಾಲ್ ಕ್ಲಬ್ಬುಗಳು ಚರ್ಚು, ಶಾಲೆ, ಕಾರ್ಖಾನೆಗಳ ಆಶ್ರಯದಲ್ಲಿ ಹುಟ್ಟಿದವು. ಇಂದು ಮ್ಯಾಂಚೆಸ್ಟರ್ ಯುನೈಟೆಡ್ ಎಂದು ಜಗತ್ತಿಗೆಲ್ಲ ಪರಿಚಿತವಾದ ತಂಡ 1878ರಲ್ಲಿ ನ್ಯೂಟನ್ ಹೀತ್ ಎಂಬಲ್ಲಿ ರೈಲ್ವೆ ಕೆಲಸಗಾರರು ಕಟ್ಟಿಕೊಂಡದ್ದು. ಹೊಸ ಹೆಸರು ಬಂದದ್ದು 1902ರಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಕ್ಲಬ್ಬುಗಳು ಒಂದೊಂದಾಗಿ ಕಂಪನಿಗಳಾಗಿ ನೋಂದಣಿಯಾದವು. ಆದರೆ ಫುಟ್‌ಬಾಲ್ ಸಂಸ್ಥೆ ಒಂದು ಕಟ್ಟುಪಾಡು ಹಾಕಿತ್ತು: ಷೇರುದಾರರಿಗೆ ಹಂಚುವ ಲಾಭಾಂಶಕ್ಕೆ ಮಿತಿ ಇರಬೇಕು, ನಿರ್ದೇಶಕರು ಸಂಬಳ ಪಡೆಯಬಾರದು. ಕ್ಲಬ್ಬು ಕಂಪನಿಯಾಗಬಹುದು, ಲಾಭದ ಅಂಗಡಿಯಾಗಬಾರದು ಎಂಬುದು ಇದರ ತಾತ್ಪರ್ಯ.

1983ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬು ಈ ಕಟ್ಟನ್ನು ಜಾಣತನದಿಂದ ದಾಟಿತು. ಕ್ಲಬ್ಬಿನ ಮೇಲೊಂದು ಮಾತೃ ಕಂಪನಿ ಸ್ಥಾಪಿಸಿ ಅದರ ಷೇರುಗಳನ್ನು ಮಾರುಕಟ್ಟೆಗೆ ಬಿಟ್ಟಿತು. ನಿಯಮ ಕ್ಲಬ್ಬಿಗೆ ಅನ್ವಯಿಸುತ್ತಿತ್ತೇ ಹೊರತು ಮಾತೃ ಕಂಪನಿಗಲ್ಲ. 1991ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕೂಡ ಷೇರುಪೇಟೆಗೆ ಬಂತು. 1992ರಲ್ಲಿ ಪ್ರೀಮಿಯರ್ ಲೀಗ್ ಆರಂಭವಾಗಿ ಟೆಲಿವಿಷನ್ ಹಣ ಹೊಳೆಯಂತೆ ಹರಿಯಿತು. ಹೊಳೆ ಮೇಲಿನ ಕೆಲವು ಕ್ಲಬ್ಬುಗಳಿಗೆ ಹರಿಯಿತು. ನಾಲೆಯ ಕೊನೆಯಲ್ಲಿದ್ದ ಸಣ್ಣ ಊರುಗಳ ಕ್ಲಬ್ಬುಗಳು ಒಣಗಿದವು. ಕೊನೇ ಭಾಗದ ಗದ್ದೆಗೆ ನೀರು ತಲುಪದ ಕಷ್ಟವನ್ನು ಮದ್ದೂರು, ಮಳವಳ್ಳಿ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾರ್ಥಾಂಪ್ಟನ್‌ನ ಬಕೆಟ್ಟು

ಅಂಥ ಒಂದು ಸಣ್ಣ ಕ್ಲಬ್ಬು ನಾರ್ಥಾಂಪ್ಟನ್ ಟೌನ್. 1992ರ ಜನವರಿಯ ಹೊತ್ತಿಗೆ ಅದರ ಸಾಲ ಸುಮಾರು 16 ಲಕ್ಷ ಪೌಂಡ್ ಮುಟ್ಟಿತ್ತು. ಅಭಿಮಾನಿಗಳು ಸಭೆ ಕರೆದರು. ಸುಮಾರು 600 ಮಂದಿ ಸೇರಿದರು. ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಆಗುವುದೇನು? ಬಕೆಟ್ಟು ತಿರುಗುತ್ತದೆ, ಹಣ ಬೀಳುತ್ತದೆ, ಅದನ್ನು ಕ್ಲಬ್ಬಿನ ಆಡಳಿತಕ್ಕೆ ಕೊಡುತ್ತಾರೆ, ಆ ಹಣ ಹಳೆಯ ಸಾಲದ ಹೊಂಡದಲ್ಲಿ ಮುಳುಗುತ್ತದೆ. ನಾರ್ಥಾಂಪ್ಟನ್‌ನಲ್ಲಿ ಹಾಗಾಗಲಿಲ್ಲ. ಬ್ರಯಾನ್ ಲೋಮ್ಯಾಕ್ಸ್ ಮುಂತಾದವರು ಸೇರಿ ಒಂದು ಟ್ರಸ್ಟ್ ರಚಿಸಿದರು. ಅದರ ಉದ್ದೇಶ ಎರಡೇ. ಒಂದು, ಕ್ಲಬ್ಬನ್ನು ಉಳಿಸಲು ಹಣ ಸಂಗ್ರಹಿಸುವುದು. ಆದರೆ ಆಗಿನ ಆಡಳಿತದ ಕೈಗೆ ಅದನ್ನು ಕೊಡದಿರುವುದು. ಎರಡು, ಕ್ಲಬ್ಬಿನ ಆಡಳಿತ ಮಂಡಳಿಯಲ್ಲಿ ಅಭಿಮಾನಿಗಳಿಗೆ ಸ್ಥಾನ ಪಡೆಯುವುದು.

ಹಣ ಇದೆ, ಆದರೆ ಈಗಲೇ ಸಿಗುವುದಿಲ್ಲ. ಇದು ಹೊಸ ಮಾತು. ಅದೇ ವರ್ಷ ಕ್ಲಬ್ಬು ನ್ಯಾಯಾಲಯ ನೇಮಿಸಿದ ಆಡಳಿತಗಾರರ ವಶಕ್ಕೆ ಹೋಯಿತು. ಹೊಸ ಆಡಳಿತ ಮಂಡಳಿ ರಚನೆಯಾದಾಗ ಟ್ರಸ್ಟಿನ ಪ್ರತಿನಿಧಿಗಳು ಅದರಲ್ಲಿ ಕುಳಿತರು. ಚಂದಾ ಕೊಟ್ಟವರು ದಾನಿಗಳಾಗಿ ಉಳಿಯದೆ ಪಾಲುದಾರರಾದರು. 2000ದಲ್ಲಿ ಬ್ರಿಟಿಷ್ ಸರ್ಕಾರದ ಬೆಂಬಲದಿಂದ ‘ಸಪೋರ್ಟರ್ಸ್ ಡೈರೆಕ್ಟ್’ ಎಂಬ ಸಂಸ್ಥೆ ಆರಂಭವಾಗಿ ಊರೂರಿನ ಅಭಿಮಾನಿಗಳಿಗೆ ಇಂಥ ಟ್ರಸ್ಟ್ ಕಟ್ಟುವ ವಿಧಾನ ಹೇಳಿಕೊಟ್ಟಿತು. ಅದರ ಚುಕ್ಕಾಣಿ ಹಿಡಿದವರೂ ಇದೇ ಲೋಮ್ಯಾಕ್ಸ್.

ನಮಗೆ ಗೊತ್ತಿರುವ ಸೂತ್ರ

ಈ ಟ್ರಸ್ಟುಗಳು ಆಯ್ದುಕೊಂಡ ಕಾನೂನು ಕುತೂಹಲಕರ. ಅವು ಕಂಪನಿ ಕಾಯ್ದೆಗಿಂತ ಹೆಚ್ಚಾಗಿ ಬ್ರಿಟನ್ನಿನ ಸಹಕಾರ ಸಂಘಗಳ ಕಾಯ್ದೆಯನ್ನು ನೆಚ್ಚಿಕೊಂಡವು. ಕಂಪನಿಯಲ್ಲಿ ಷೇರಿಗೊಂದು ಮತ; ಸಹಕಾರ ಸಂಘದಲ್ಲಿ ತಲೆಗೊಂದು ಮತ. ಹತ್ತು ಪೌಂಡ್ ಹಾಕಿದವನಿಗೂ ಹತ್ತು ಸಾವಿರ ಪೌಂಡ್ ಹಾಕಿದವನಿಗೂ ಒಂದೇ ಮತ. ವರ್ಷಕ್ಕೊಮ್ಮೆ ಮಹಾಸಭೆ ನಡೆಯಬೇಕು, ಲೆಕ್ಕಪತ್ರ ಮಂಡಿಸಬೇಕು, ಪದಾಧಿಕಾರಿಗಳ ಚುನಾವಣೆ ನಡೆಯಬೇಕು.

ಈ ಸೂತ್ರದ ತವರು ಮ್ಯಾಂಚೆಸ್ಟರಿನ ನೆರೆಯ ರಾಚ್‌ಡೇಲ್. 1844ರಲ್ಲಿ ಅಲ್ಲಿನ 28 ಮಂದಿ, ಬಹಳಷ್ಟು ನೇಕಾರರೇ, ತಲಾ ಒಂದು ಪೌಂಡಿನಂತೆ 28 ಪೌಂಡ್ ಕೂಡಿಸಿ ದಿನಸಿ ಅಂಗಡಿ ತೆರೆದರು. ಆ ಅಂಗಡಿಯ ಕಟ್ಟುಪಾಡುಗಳೇ ಜಗತ್ತಿನ ಸಹಕಾರ ಚಳವಳಿಗೆ ಮಾದರಿಯಾದವು. ಕರ್ನಾಟಕಕ್ಕೂ ಅವು ಬೇಗ ಬಂದವು. 1905ರಲ್ಲಿ ಆಗಿನ ಧಾರವಾಡ ಜಿಲ್ಲೆಗೆ ಸೇರಿದ್ದ, ಈಗ ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿತು. ಇಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಹಾಲು ಒಕ್ಕೂಟಕ್ಕೆ ಹಾಲು ಕಳಿಸುವ ಹಳ್ಳಿ ಡೇರಿಯಲ್ಲೂ ಇದೇ ನಿಯಮ. ಒಂದೇ ಹಸು ಇರುವವಳಿಗೂ ಹತ್ತು ಹಸು ಇರುವವನಿಗೂ ಮತ ಒಂದೇ. ಆ ಅರ್ಥದಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಭಿಮಾನಿಗಳು 1992ರ ನಂತರ ಕಲಿತ ಪಾಠ ನಮ್ಮ ಹಾಲಿನ ಡೇರಿಗೆ ಹೊಸದಲ್ಲ.

ಗೆಲುವು, ಸೋಲು, ಶಾಲು

ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳ ಹೋರಾಟ ಇವೆಲ್ಲಕ್ಕಿಂತ ಹೆಚ್ಚು ಸುದ್ದಿಯಾದದ್ದು. 1998ರ ಸೆಪ್ಟೆಂಬರಿನಲ್ಲಿ ಮಾಧ್ಯಮ ದೊರೆ ರೂಪರ್ಟ್ ಮರ್ಡೋಕರ ಹಿಡಿತದಲ್ಲಿದ್ದ ಬಿಸ್ಕೈಬಿ ಟೆಲಿವಿಷನ್ ಕಂಪನಿ 62.3 ಕೋಟಿ ಪೌಂಡಿಗೆ ಕ್ಲಬ್ಬನ್ನು ಕೊಳ್ಳಲು ಮುಂದಾಯಿತು. ಕೂಡಲೇ ಸಣ್ಣ ಷೇರುದಾರರಾಗಿದ್ದ ಅಭಿಮಾನಿಗಳು ಒಟ್ಟಾದರು. ಪತ್ರಕರ್ತ ಮೈಕೆಲ್ ಕ್ರಿಕ್ ಅವರಲ್ಲೊಬ್ಬರು. ಪಂದ್ಯ ಪ್ರಸಾರ ಮಾಡುವವರೇ ತಂಡದ ಒಡೆಯರೂ ಆದರೆ ಸ್ಪರ್ಧೆ ಉಳಿಯುವುದಿಲ್ಲ ಎಂಬ ವಾದವನ್ನು ಅಂಕಿ ಅಂಶಗಳ ಸಮೇತ ಏಕಸ್ವಾಮ್ಯ ಆಯೋಗದ ಮುಂದಿಟ್ಟರು. 1999ರ ಏಪ್ರಿಲಿನಲ್ಲಿ ವಾಣಿಜ್ಯ ಸಚಿವ ಸ್ಟೀಫನ್ ಬೈಯರ್ಸ್ ಆಯೋಗದ ಶಿಫಾರಸಿನಂತೆ ಮಾರಾಟಕ್ಕೆ ತಡೆ ಹಾಕಿದರು.

ಆರು ವರ್ಷ ಕಳೆಯಿತು. ಈ ಬಾರಿ ಬಂದವರು ಅಮೆರಿಕದ ಮಾಲ್ಕಂ ಗ್ಲೇಜರ್. ಅಭಿಮಾನಿಗಳು ಷೇರು ಕೊಂಡು ಕೂಡಿಡುವ ಪ್ರಯತ್ನ ನಡೆಸಿಯೇ ಇದ್ದರು. ಆದರೆ ಕೋಟಿಗಳ ಎದುರು ಬಿಡಿ ಷೇರುಗಳು ನಿಲ್ಲಲಿಲ್ಲ. 2005ರಲ್ಲಿ ಗ್ಲೇಜರ್ ಷೇರಿಗೆ ಮೂರು ಪೌಂಡಿನಂತೆ ಕೊಟ್ಟು, ಕಂಪನಿಗೆ ಸುಮಾರು 79 ಕೋಟಿ ಪೌಂಡ್ ಬೆಲೆ ಕಟ್ಟಿ ಕೊಂಡರು. ಅದರಲ್ಲಿ ದೊಡ್ಡ ಭಾಗ ಸಾಲದ ಹಣ. ಆ ಸಾಲದ ಹೊರೆ ಬಂದು ಕುಳಿತದ್ದು ಕ್ಲಬ್ಬಿನ ಹೆಗಲ ಮೇಲೆ. ಕಾನೂನು ನಿಗದಿಪಡಿಸಿದ ಪ್ರಮಾಣ ದಾಟಿದ ಮೇಲೆ, ಮಾರಲು ಒಪ್ಪದಿದ್ದ ಅಭಿಮಾನಿಗಳ ಷೇರುಗಳನ್ನೂ ಕಡ್ಡಾಯವಾಗಿ ಕೊಳ್ಳಲಾಯಿತು. ಷೇರಿಗೊಂದು ಮತವೆಂಬ ನಿಯಮದ ಕೊನೆಯ ಪುಟ ಇದು. ಬೇಡವೆನ್ನುವ ಹಕ್ಕೂ ಉಳಿಯುವುದಿಲ್ಲ.

ಕೋಪಗೊಂಡ ಕೆಲವರು ಅದೇ ವರ್ಷ ‘ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್’ ಎಂಬ ಬೇರೆ ಕ್ಲಬ್ಬನ್ನೇ ಕಟ್ಟಿದರು. ಒಬ್ಬ ಸದಸ್ಯನಿಗೆ ಒಂದು ಮತ, ಅಂಗಿಯ ಮೇಲೆ ಜಾಹೀರಾತಿಲ್ಲ ಎಂಬ ಕಟ್ಟುನಿಟ್ಟು. ವರ್ಷಗಟ್ಟಲೆ ಬಾಡಿಗೆ ಮೈದಾನಗಳಲ್ಲಿ ಆಡಿ, ಸಮುದಾಯ ಷೇರುಗಳ ಮೂಲಕ ಸುಮಾರು 20 ಲಕ್ಷ ಪೌಂಡ್ ಸಂಗ್ರಹಿಸಿ, ಉಳಿದದ್ದಕ್ಕೆ ಅನುದಾನ ಮತ್ತು ಸಾಲ ಹೊಂದಿಸಿ 2015ರಲ್ಲಿ ಸ್ವಂತ ಕ್ರೀಡಾಂಗಣ ತೆರೆದರು. ಆರಂಭದ ಪಂದ್ಯಕ್ಕೆ ಪೋರ್ಚುಗಲ್ಲಿನ ಬೆನ್ಫಿಕಾ ತಂಡ ಬಂದಿತ್ತು.

ಹಳೆಯ ಕ್ಲಬ್ಬನ್ನು ಬಿಡದವರು 2010ರಲ್ಲಿ ಮತ್ತೆ ಎದ್ದರು. ಆಗ ಕ್ರೀಡಾಂಗಣದ ತುಂಬ ಕಂಡದ್ದು ಕೆಂಪು ಬಣ್ಣವಲ್ಲ, ಹಸಿರು ಮತ್ತು ಹೊಂಬಣ್ಣದ ಮಫ್ಲರುಗಳು. ಅದು 1878ರ ನ್ಯೂಟನ್ ಹೀತ್ ತಂಡದ ಬಣ್ಣ. ‘ಈ ತಂಡ ನಿನಗಿಂತ ಮೊದಲೇ ಇತ್ತು’ ಎಂದು ಮಾಲೀಕನಿಗೆ ಬಟ್ಟೆಯಲ್ಲೇ ಹೇಳಿದಂತೆ. ಹೆಗಲ ಮೇಲಿನ ಹಸಿರು ಶಾಲು ಏನು ಹೇಳುತ್ತದೆಂದು ರೈತಸಂಘದ ಸಭೆಗಳನ್ನು ಕಂಡ ಮಂಡ್ಯದವರಿಗೆ ತಿಳಿದಿದೆ. ಆ ವರ್ಷದ ಮಾರ್ಚಿನಲ್ಲಿ ಎದುರಾಳಿ ಮಿಲಾನ್ ತಂಡದ ಪರ ಆಡಲು ಬಂದಿದ್ದ ಡೇವಿಡ್ ಬೆಕಮ್ ಪಂದ್ಯ ಮುಗಿದ ಮೇಲೆ ಅಂಥದ್ದೊಂದು ಮಫ್ಲರ್ ಕೊರಳಿಗೆ ಹಾಕಿಕೊಂಡಾಗ ಅದು ದೊಡ್ಡ ಸುದ್ದಿಯಾಯಿತು. ‘ರೆಡ್ ನೈಟ್ಸ್’ ಎಂಬ ಹಣವಂತ ಅಭಿಮಾನಿಗಳ ಗುಂಪೊಂದು ಕ್ಲಬ್ಬು ಕೊಳ್ಳುವ ಮಾತಾಡಿತು. ಜೂನ್ ಹೊತ್ತಿಗೆ ಆ ಮಾತೂ ನಿಂತಿತು. ಬೇಸಿಗೆ ಕಳೆಯುವಷ್ಟರಲ್ಲಿ ಮಫ್ಲರು ಬೀದಿ ವ್ಯಾಪಾರಿಗಳ ಸರಕಾಗಿತ್ತು, ಮಾಲೀಕರು ಇದ್ದಲ್ಲೇ ಇದ್ದರು. 2024ರ ಫೆಬ್ರವರಿಯಲ್ಲಿ ಜಿಮ್ ರಾಟ್‌ಕ್ಲಿಫ್ ಕಾಲು ಭಾಗಕ್ಕಿಂತ ತುಸು ಹೆಚ್ಚು ಷೇರು ಕೊಂಡಾಗಲೂ ಬಹುಮತ ಗ್ಲೇಜರ್ ಕುಟುಂಬದಲ್ಲೇ ಉಳಿಯಿತು. ಬಣ್ಣ ಜನರನ್ನು ಒಟ್ಟು ಮಾಡಬಲ್ಲದು. ಕೊಳ್ಳಲು ಗಂಟು ಬೇಕು.

ಕೊಡದೆ ಗೆದ್ದವರು, ಕಟ್ಟಿ ಗೆದ್ದವರು

ಚಂದಾ ಎತ್ತುವುದರಷ್ಟೇ ಹಳೆಯ ಇನ್ನೊಂದು ಅಸ್ತ್ರ ಕೊಡದಿರುವುದು. ಬ್ಲ್ಯಾಕ್‌ಪೂಲ್ ಅಭಿಮಾನಿಗಳು ಮಾಲೀಕ ಆಯ್‌ಸ್ಟನ್ ಕುಟುಂಬದ ವಿರುದ್ಧ ಅದನ್ನು ಹಿಡಿದರು. ‘ಇನ್ನೊಂದು ಕಾಸೂ ಇಲ್ಲ’ ಎಂಬುದು ಅವರ ಕೂಗು. ಟಿಕೆಟ್ ಕೊಳ್ಳಲಿಲ್ಲ. ವರ್ಷಗಟ್ಟಲೆ ಸ್ವಂತ ಊರಿನ ಪಂದ್ಯಗಳಿಗೆ ಹೋಗದೆ ಕ್ರೀಡಾಂಗಣದ ಹೊರಗೆ ನಿಂತರು. ಮಾಲೀಕರು ಕೆಲವು ಅಭಿಮಾನಿಗಳ ಮೇಲೆ ಮಾನನಷ್ಟ ದಾವೆ ಹೂಡಿದಾಗ, ಟಿಕೆಟ್ಟಿಗೆ ಹೋಗಬೇಕಿದ್ದ ಹಣ ಸಹಾಯನಿಧಿಗೆ ಬಂತು. 2017ರಲ್ಲಿ ಸಹ ಮಾಲೀಕ ವಲೆರಿ ಬೆಲೊಕಾನ್ ಹೂಡಿದ್ದ ದಾವೆಯಲ್ಲಿ ಅವರಿಗೆ 3.1 ಕೋಟಿ ಪೌಂಡಿಗೂ ಹೆಚ್ಚು ಕೊಡಬೇಕೆಂದು ಹೈಕೋರ್ಟ್ ಆಜ್ಞೆ ಮಾಡಿತು. 2019ರ ಫೆಬ್ರವರಿಯಲ್ಲಿ ಕ್ಲಬ್ಬು ನ್ಯಾಯಾಲಯ ನೇಮಿಸಿದ ಅಧಿಕಾರಿಯ ವಶಕ್ಕೆ ಹೋಯಿತು. ಮಾರ್ಚಿನಲ್ಲಿ ಅಭಿಮಾನಿಗಳು ಕ್ರೀಡಾಂಗಣಕ್ಕೆ ಮರಳಿದರು. ಮಾಲೀಕರನ್ನು ಇಳಿಸಿದ್ದು ಕೋರ್ಟಿನ ತೀರ್ಪೇ ಸರಿ. ಆದರೆ ಅಲ್ಲಿಯವರೆಗೆ ಖಾಲಿ ಕುರ್ಚಿಗಳು ಪ್ರತಿ ಶನಿವಾರ ಸಾಕ್ಷಿ ಹೇಳುತ್ತಿದ್ದವು.

ವಿಂಬಲ್ಡನ್ ಅಭಿಮಾನಿಗಳದು ಇನ್ನೂ ಕಠಿಣ ಪರೀಕ್ಷೆ. ಅವರ ಮಾಲೀಕರು ತಂಡವನ್ನೇ ಗಂಟು ಕಟ್ಟಿಕೊಂಡು ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸಿಗೆ ಹೊರಟರು. 2002ರ ಮೇ 28ರಂದು ಮೂವರು ಸದಸ್ಯರ ಆಯೋಗ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅಭಿಮಾನಿಗಳು ಕೆಲವೇ ವಾರಗಳಲ್ಲಿ ‘ಎಎಫ್‌ಸಿ ವಿಂಬಲ್ಡನ್’ ಕಟ್ಟಿ, ಬಯಲಿನಲ್ಲಿ ಆಟಗಾರರ ಆಯ್ಕೆ ನಡೆಸಿ, ಕೆಳಗಿನ ದರ್ಜೆಯ ಲೀಗಿನಿಂದ ಆಟ ಆರಂಭಿಸಿದರು. ಒಡೆತನ ಸದಸ್ಯರ ಟ್ರಸ್ಟಿನದು. ಒಂಬತ್ತು ವರ್ಷಗಳಲ್ಲಿ ಐದು ಬಡ್ತಿ ಪಡೆದು 2011ರಲ್ಲಿ ಫುಟ್‌ಬಾಲ್ ಲೀಗಿಗೆ ಏರಿದರು. ಹಳೆಯ ಊರಿನಲ್ಲಿ ಕ್ರೀಡಾಂಗಣ ಕಟ್ಟುವಾಗ ಹಣ ಸಾಲದೆ ಹೋಯಿತು. ದೊಡ್ಡ ಹೂಡಿಕೆದಾರರಿಗೆ ಬಾಗಿಲು ತೆರೆಯಬೇಕೇ ಎಂಬ ಚರ್ಚೆ ಬಂತು. ಅಭಿಮಾನಿಗಳಿಗೆ ಸಾಲಪತ್ರ ಮಾರುವ ದಾರಿ ಹಿಡಿದು 2020ರಲ್ಲಿ 50 ಲಕ್ಷ ಪೌಂಡಿಗೂ ಹೆಚ್ಚು ಸಂಗ್ರಹಿಸಿದರು. ಅದೇ ನವೆಂಬರಿನಲ್ಲಿ ತಂಡ ಪ್ಲೋ ಲೇನಿಗೆ ಮರಳಿತು.

ಅಭಿಮಾನಿಗಳೂ ತಪ್ಪುತ್ತಾರೆ

ಈ ಕಥೆಗಳನ್ನು ಕೇಳಿ ಒಡೆತನ ಜನರ ಕೈಗೆ ಬಂದರೆ ಎಲ್ಲವೂ ಸರಿಯಾಯಿತು ಎಂದುಕೊಳ್ಳುವಂತಿಲ್ಲ. ಎಫ್‌ಸಿ ಯುನೈಟೆಡ್ ಹೊಸ ಕ್ರೀಡಾಂಗಣ ತೆರೆದ ಮರುವರ್ಷವೇ, 2016ರಲ್ಲಿ, ಸದಸ್ಯರು ತಮ್ಮದೇ ಆಡಳಿತ ಮಂಡಳಿಯ ಪಾರದರ್ಶಕತೆಯನ್ನು ಪ್ರಶ್ನಿಸಿದರು. ಹಳಬರು ಹುದ್ದೆ ಬಿಟ್ಟರು. ಮಾಲೀಕನ ವಿರುದ್ಧ ಕಟ್ಟಿದ ಮನೆಯಲ್ಲೂ ಲೆಕ್ಕ ಕೇಳಬೇಕಾಯಿತು. ಆದರೆ ಕೇಳಲು ವೇದಿಕೆ ಇತ್ತು, ಬದಲಿಸಲು ಮತ ಇತ್ತು.

ಪೋರ್ಟ್ಸ್‌ಮತ್‌ನ ಅನುಭವ ಬೇರೆ. 2013ರಲ್ಲಿ ಮುಳುಗುತ್ತಿದ್ದ ಕ್ಲಬ್ಬನ್ನು ಅಲ್ಲಿನ ಅಭಿಮಾನಿಗಳು ಎರಡು ಸಾವಿರಕ್ಕೂ ಹೆಚ್ಚು ಮಂದಿ ತಲಾ 1,000 ಪೌಂಡಿನ ಷೇರು ಹಿಡಿದು ಕೊಂಡರು. ಒಬ್ಬರಿಗೆ ಹೊರೆಯಾದರೆ ನಾಲ್ಕಾರು ಗೆಳೆಯರು ಸೇರಿ ಒಂದು ಷೇರು ಹಿಡಿದದ್ದೂ ಉಂಟು. ಸಾಲ ತೀರಿತು, ಕ್ಲಬ್ಬು ನಿಂತಿತು. ಆದರೆ ಹಳೆಯ ಕ್ರೀಡಾಂಗಣದ ದುರಸ್ತಿಗೆ ಬೇಕಾದ ದೊಡ್ಡ ಹಣ ಅವರಲ್ಲಿರಲಿಲ್ಲ. 2017ರಲ್ಲಿ ಅಮೆರಿಕದ ಉದ್ಯಮಿ ಮೈಕೆಲ್ ಐಸ್ನರ್ 56.7 ಲಕ್ಷ ಪೌಂಡಿಗೆ ಕೇಳಿದಾಗ ಮತಕ್ಕೆ ಹಾಕಿದರು. ದೊಡ್ಡ ಬಹುಮತ ಮಾರಾಟದ ಪರ ಬಂತು. ಇದನ್ನು ಸೋಲೆಂದವರಿದ್ದಾರೆ. ಆದರೆ 2005ರ ಮ್ಯಾಂಚೆಸ್ಟರಿನಲ್ಲಿ ಅಭಿಮಾನಿಗಳ ಷೇರು ಅವರನ್ನು ಕೇಳದೆಯೇ ಹೋಗಿತ್ತು; ಇಲ್ಲಿ ಕೇಳಿ, ಎಣಿಸಿ, ಕೊಡಲಾಯಿತು.

ಕೋಲ್ಕತ್ತದ ಹೆಸರಿನ ಜಗಳ

ಭಾರತದಲ್ಲಿ ಇಂಥ ಕೋಪ ಕಂಡದ್ದು ಕೋಲ್ಕತ್ತದಲ್ಲಿ. 1889ರಲ್ಲಿ ಹುಟ್ಟಿ, 1911ರಲ್ಲಿ ಬ್ರಿಟಿಷ್ ಸೇನಾ ತಂಡವನ್ನು ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದ ಮೋಹನ್ ಬಾಗಾನ್, 2020ರಲ್ಲಿ ಉದ್ಯಮಿ ಸಂಜೀವ್ ಗೋಯೆಂಕಾ ಸಮೂಹದ ಎಟಿಕೆ ಜತೆ ವಿಲೀನವಾಯಿತು. ಫುಟ್‌ಬಾಲ್ ಕಂಪನಿಯ ಶೇ 80ರಷ್ಟು ಪಾಲು ಉದ್ಯಮ ಸಮೂಹದ್ದು. ಹೆಸರಿನ ಮುಂದೆ ಅಂಟಿದ ‘ಎಟಿಕೆ’ ತೆಗೆಯಿರಿ ಎಂದು ಅಭಿಮಾನಿಗಳು ಮೂರು ವರ್ಷ ಪಟ್ಟು ಹಿಡಿದರು. 2023ರ ಮಾರ್ಚ್ 18ರಂದು ಗೋವಾದಲ್ಲಿ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿ ಐಎಸ್ಎಲ್ ಗೆದ್ದ ರಾತ್ರಿಯೇ ಹೆಸರು ಬದಲಿಸುವುದಾಗಿ ಗೋಯೆಂಕಾ ಪ್ರಕಟಿಸಿದರು. ನೆರೆಯ ಈಸ್ಟ್ ಬೆಂಗಾಲ್ ಅಭಿಮಾನಿಗಳು 2021ರ ಜುಲೈಯಲ್ಲಿ ಹೂಡಿಕೆದಾರ ಕಂಪನಿಯ ಒಪ್ಪಂದದ ವಿಷಯದಲ್ಲಿ ಕ್ಲಬ್ಬಿನ ಎದುರು ಜಮಾಯಿಸಿ ಲಾಠಿ ಏಟು ತಿಂದರು. ಮೋಹನ್ ಬಾಗಾನ್ ಅಭಿಮಾನಿಗಳು ಹೆಸರನ್ನು ಗೆದ್ದರು. ಷೇರಿನ ಲೆಕ್ಕ ಮಾತ್ರ ಬದಲಾಗಲಿಲ್ಲ. 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಆರಂಭಿಸಿದ ಬೆಂಗಳೂರು ಎಫ್‌ಸಿಗೂ ಕಂಠೀರವ ಕ್ರೀಡಾಂಗಣದಲ್ಲಿ ನಿಂತು ಹಾಡುವ ಅಭಿಮಾನಿಗಳಿದ್ದಾರೆ. ತಂಡದ ಕಾಗದಪತ್ರದಲ್ಲಿ ಅವರಿಗೆ ಜಾಗವಿಲ್ಲ.

ನಿಯಮ ಇದ್ದರಷ್ಟೇ ಸಾಲದು

ಹಾಗಾದರೆ ತಲೆಗೊಂದು ಮತದ ಸೂತ್ರವೇ ಎಲ್ಲಕ್ಕೂ ಮದ್ದೇ? ಉತ್ತರಕ್ಕೆ ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ, ಪಾಂಡವಪುರಕ್ಕೆ ಹೋದರೆ ಸಾಕು. ಮೈಷುಗರ್ ಸರ್ಕಾರಿ ಕಂಪನಿ. ಪಾಂಡವಪುರದ ಸಕ್ಕರೆ ಕಾರ್ಖಾನೆಯಾದರೋ ರೈತರದೇ ಸಹಕಾರಿ. ಷೇರು ಅವರದು, ಮತ ಅವರದು, ಮಹಾಸಭೆ ಅವರದು. ಆದರೂ ನಷ್ಟದಲ್ಲಿ ಮುಳುಗಿ ಚಕ್ರ ನಿಂತು, 2020ರಲ್ಲಿ ಅದನ್ನು 40 ವರ್ಷಗಳ ಗುತ್ತಿಗೆಗೆ ಖಾಸಗಿ ಕಂಪನಿಗೆ ಕೊಡಲಾಯಿತು. ರೈತರ ಸೂತ್ರದ ಕಾರ್ಖಾನೆ ಖಾಸಗಿ ಕೈಗೆ ಹೋಯಿತು, ಸರ್ಕಾರಿ ಕಂಪನಿ ಜನರ ಒತ್ತಾಯದಿಂದ ಉಳಿಯಿತು. ನಿಯಮದ ಪುಸ್ತಕ ಒಂದೇ ಯಾರನ್ನೂ ಕಾಯುವುದಿಲ್ಲ ಎಂಬುದಕ್ಕೆ ಒಂದೇ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ನಾರ್ಥಾಂಪ್ಟನ್ನಿನ 600 ಮಂದಿ ಕಲಿಸಿದ ಪಾಠ ಇಲ್ಲಿ ನೆನಪಾಗಬೇಕು. ಅವರು ಹಣ ಕೊಡುವ ಮೊದಲೇ ಮೂರು ಮಾತು ಗೊತ್ತುಮಾಡಿಕೊಂಡಿದ್ದರು: ಗಂಟು ಯಾರ ಹೆಸರಿನಲ್ಲಿರುತ್ತದೆ, ಯಾವ ಷರತ್ತಿನ ಮೇಲೆ ಬಿಚ್ಚುತ್ತದೆ, ಬಿಚ್ಚಿದ ಮೇಲೆ ಲೆಕ್ಕ ಯಾರು ಕೇಳುತ್ತಾರೆ. ಮೊದಲೆರಡನ್ನು ಕಾಗದದಲ್ಲಿ ಬರೆದಿಡಬಹುದು. ಮೂರನೆಯದಕ್ಕೆ ವರ್ಷವರ್ಷವೂ ಜನ ಎದ್ದು ಮಹಾಸಭೆಗೆ ಹೋಗಬೇಕು, ಚಹಾ ಬಿಸ್ಕತ್ತು ಬರುವ ಮೊದಲು ಜಮಾ ಖರ್ಚಿನ ಪುಟ ತಿರುವಬೇಕು. ಧರಣಿಗೆ ಬಂದಷ್ಟು ಜನ ಆ ಸಭೆಗೂ ಬರುವ ಊರಿನಲ್ಲಿ ಒಡೆತನದ ಪ್ರಶ್ನೆ ಬೀದಿಗೆ ಬರುವ ಸಂದರ್ಭ ಅಪರೂಪ.